ಮೂವತ್ತೊಂದನೇ ಕಂಪ್ಯೂಟರ್

೪ ಆಗಸ್ಟ್ ೨೦೨೪, ಭಾನುವಾರ

ಒಟ್ಟು ಎಷ್ಟಾಯಿತು ಎಂದು ಒಂದು ಸಲ ಬರೆದು ಕೈ ತೊಳೆದುಕೊಳ್ಳುತ್ತೇನೆ.

ಐದು ವರ್ಷದ ಬಸ್ ಚಾರ್ಜು ಆರು ಸಾವಿರದ ಇನ್ನೂರ ತೊಂಬತ್ತು. ಹೊನ್ನಾಳಿಗೆ ಹದಿನಾಲ್ಕು ಸಲ, ಜಗಳೂರಿಗೆ ಹನ್ನೊಂದು, ನ್ಯಾಮತಿಗೆ ಒಂಬತ್ತು. ಅಂದರೆ ಹೋದ ಭಾನುವಾರಗಳು ಮೂವತ್ತನಾಲ್ಕು. ಸೊಕ್ಕೆಗೆ ಹೊತ್ತು ಕೊಟ್ಟ ಯುಪಿಎಸ್ ಒಂದು, ಅದಕ್ಕೆ ಬ್ಯಾಟರಿ ಎರಡು ಸಲ. ಹೆಂಡತಿ ಉಷಾರಾಣಿಯ ಕೊಂಕು ದಿನಕ್ಕೊಂದರಂತೆ ಹಿಡಿದರೂ ಸಾವಿರದ ಎಂಟುನೂರು ದಾಟುತ್ತದೆ. ಜಮಾ ಕಡೆಗೆ, ಕಂಪ್ಯೂಟರ್ ಒಂದಕ್ಕೆ ಐವತ್ತು ರೂಪಾಯಿಯಂತೆ ಮೂವತ್ತೊಂದಕ್ಕೆ ಸಾವಿರದ ಐನೂರ ಐವತ್ತು. ಈ ಐವತ್ತು ರೂಪಾಯಿಗೇ ನಿನ್ನೆ ನನ್ನ ಮಾನ ಹೋಯಿತು.

ಲೆಕ್ಕ ಅಂದಮೇಲೆ ಬಾಬತ್ತು ಬರೆಯಬೇಕು. ಬಾಬತ್ತು ಕೋಟೆ ಆಟ, ಇಂಟರ್‌ನೆಟ್ಟಿನಲ್ಲಿ ಹತ್ತಾರು ಜನ ಒಂದೇ ಕೋಟೆಯೊಳಗೆ ಸೇರಿ ಆಡುವುದು. ಹದಿನೈದು ವರ್ಷದ ಹಿಂದೆ ಚನ್ನಗಿರಿಯ ನನ್ನ ಸೈಬರ್ ಸೆಂಟರಿನಲ್ಲಿ ಎಂಟು ಕಂಪ್ಯೂಟರಿಗೂ ಅದೇ ಆಟ, ಬಾಗಿಲ ಹೊರಗೆ ಸರದಿ. ನಡೆಸುತ್ತಿದ್ದ ವಿದೇಶದ ಕಂಪನಿ ಅದನ್ನು ನಿಲ್ಲಿಸಿತು. ನನ್ನ ಸೆಂಟರೂ ಪಹಣಿ, ಜೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿಯಾಯಿತು. ಆಗ ಇಲ್ಲಿ ಐಟಿಐ ಓದುತ್ತ ಸಂಜೆಯೆಲ್ಲ ನನ್ನ ಮೂಲೆಯ ಕಂಪ್ಯೂಟರಿನಲ್ಲಿ ಕೂರುತ್ತಿದ್ದ ದುರುಗೇಶ್ ಐದು ವರ್ಷದ ಕೆಳಗೆ ಫೋನ್ ಮಾಡಿ, ಆ ಆಟವನ್ನು ತನ್ನ ಸೊಕ್ಕೆಯ ಮನೆಯ ಒಂದು ಕಂಪ್ಯೂಟರಿನಲ್ಲಿ ಎಬ್ಬಿಸಿ ಕೂರಿಸಿದ್ದೇನೆ ಎಂದ. ಹಾಗೆ ಹೇಳುವುದಕ್ಕೆ ಅವನಿಗೆ ನಾಲ್ಕು ನಿಮಿಷ ಹಿಡಿಯಿತು. ಅವನಿಗೆ ಮಾತು ತಡೆಯುತ್ತದೆ. ಬೆರಳಿಗೆ ಮಾತ್ರ ಯಾವ ತಡೆಯೂ ಇಲ್ಲ.

ಆಟ ಈಗಲೂ ಹಳೇ ಕಂಪನಿಯ ಹೆಸರನ್ನೇ ಹುಡುಕುತ್ತದೆ. ಆದರೆ ಯಾವ ಕಂಪ್ಯೂಟರೇ ಆಗಲಿ, ಒಂದು ಹೆಸರಿನ ವಿಳಾಸಕ್ಕೆ ಊರೆಲ್ಲ ಕೇಳುವ ಮೊದಲು ತನ್ನೊಳಗಿನ ಒಂದು ಪುಟ್ಟ ಫೈಲನ್ನು ನೋಡುತ್ತದೆ. ಹೋಸ್ಟ್ಸ್ ಫೈಲ್. ಅದರಲ್ಲಿ ಬರೆದಿದ್ದರೆ ಅದೇ ಸತ್ಯ, ಮುಂದೆ ವಿಚಾರಣೆಯಿಲ್ಲ. ಕಂಪನಿಯ ಹೆಸರಿನ ಪಕ್ಕ ಸೊಕ್ಕೆಯ ವಿಳಾಸ, ಎರಡು ಸಾಲು. ಕೋಟೆಯ ಬಾಗಿಲು ತೆರೆಯುತ್ತದೆ. ಆ ಎರಡು ಸಾಲನ್ನು ನಾಲ್ಕು ತಾಲ್ಲೂಕು ತಿರುಗಿ ಮನೆಮನೆಯಲ್ಲಿ ಬರೆದವನು ನಾನು.

ಒಳಗೆ ದುರುಗೇಶ ಮೇಷ್ಟ್ರು. ಸಂಜೆ ಏಳಕ್ಕೆ ಕೋಟೆಯ ಬಾವಿಕಟ್ಟೆಯ ಹತ್ತಿರ ಎಲ್ಲರನ್ನೂ ಸೇರಿಸಿ ಹಾಜರಿ ಕೂಗುತ್ತಾನೆ. ಜಗಳೂರಿನಿಂದ ಶಾಲೆಯ ಹಾಜರಿ ಪುಸ್ತಕವನ್ನೇ ಕೊಂಡು ತಂದು ದಿನಾ ಗುರುತು ಹಾಕುತ್ತಾನೆ. ಮೇಷ್ಟ್ರು ಅಂದರೆ ಜಗಳೂರಿನ ವೇಬ್ರಿಡ್ಜ್‌ನಲ್ಲಿ ಲಾರಿ ತೂಗುವ ದುರುಗೇಶ ಎಂದು ನನಗೊಬ್ಬನಿಗೇ ಗೊತ್ತು. ಯಾರಿಗೂ ಹೇಳಬೇಡ ಎಂದಿದ್ದ. ಹೇಳಿಲ್ಲ.

ಅದಕ್ಕೆ ನಿನ್ನೆ ಸಿಕ್ಕ ಕೂಲಿ, ಹಾಜರಿಯಲ್ಲಿ ಎಲ್ಲರ ಮುಂದೆ: "ಎರಡು ಸಾಲು ಬರೆಸಲು ಯಾರೂ ಐವತ್ತು ರೂಪಾಯಿ ಕೊಡಬೇಡಿ. ಬರೆಯುವ ವಿಧಾನವನ್ನು ಬಾವಿಕಟ್ಟೆಯ ಫಲಕದಲ್ಲಿ ಹಾಕಿದ್ದೇನೆ. ಕೊಟ್ಟವರಿಗೆ ಗುರುಬಸವರಾಜ್ ಹಿಂತಿರುಗಿಸುತ್ತಾನೆ."

ಇಪ್ಪತ್ತಾರು ಜನ ನಕ್ಕರು. ಎಣಿಸಿದೆ.

೧೧ ಆಗಸ್ಟ್, ಭಾನುವಾರ

ಹೊನ್ನಾಳಿಯ ವಿನಯ್ ಕುಮಾರನ ಫೋನ್. ಬೀಜ ಗೊಬ್ಬರದ ಅಂಗಡಿಯಲ್ಲಿ ಬಿಲ್ ಬರೆಯುವವನು. ಹೊಸ ಲ್ಯಾಪ್‌ಟಾಪ್ ಕೊಂಡಿದ್ದಾನೆ.

"ಅಣ್ಣ, ಮೇಷ್ಟ್ರು ಹಾಕಿದಂಗೇ ಬರ್ದೀನಿ. ಕೋಟೆ ಬಾಗ್ಲೇ ತೆಗೀವಲ್ದು."

"ಬಾಲ ಐತೇನು ನೋಡಪ್ಪ."

"ಯಾರಿಗೆ?"

"ಫೈಲಿಗೆ. ಹೆಸರಿನ ಹಿಂದೆ ನೋಟ್‌ಪ್ಯಾಡು ತಾನೇ ಡಾಟ್ ಟಿಎಕ್ಸ್‌ಟಿ ಅಂತ ಒಂದು ಬಾಲ ಅಂಟಿಸಿರ್ತತಿ. ಬಾಲ ಇರೋ ಫೈಲನ್ನ ಕಂಪ್ಯೂಟರ್ ಮೂಸಿ ನೋಡಲ್ಲ."

"ಐತೆ. ಅದನ್ನ ತೆಗೆಯೋದು ಹೆಂಗೆ?"

"ಫಲಕದಾಗೆ ಬರ್ದಿಲ್ವಾ? ಮೇಷ್ಟ್ರನ್ನೇ ಕೇಳು" ಎಂದು ಇಟ್ಟೆ.

ಫೋನ್ ಮಾಡುವ ಮೊದಲೇ ನಾಲ್ಕು ದಿನ ಒದ್ದಾಡಿದ್ದನಂತೆ. ನನಗೆ ಊಟ ರುಚಿಸಿತು.

೩ ಸೆಪ್ಟೆಂಬರ್, ಮಂಗಳವಾರ

ದುರುಗೇಶನ ಮೆಸೇಜ್. ಸೊಕ್ಕೆಯಲ್ಲಿ ಇಂಟರ್‌ನೆಟ್ ಕನೆಕ್ಷನ್ ಬದಲಾಗುತ್ತಿದೆ, ಹದಿನಾರನೇ ತಾರೀಕಿನಿಂದ ವಿಳಾಸವೂ ಹೊಸದು. ಮೂವತ್ತೊಂದು ಕಡೆಯೂ ಎರಡೆರಡು ಸಾಲು ತಿದ್ದಬೇಕು. "ಫಲಕ ನೋಡಿ ಬರೆದವರೆಲ್ಲ ತಪ್ಪು ಬರೆದಿದ್ದಾರೆ. ನೀನೇ ಹೋಗಿ ಬಾ ಅಣ್ಣ. ಬಸ್ ಚಾರ್ಜು ನಾನು ಕೊಡುತ್ತೇನೆ. ಫೋನಿನಲ್ಲಿ ಹೇಳುವುದು ನನ್ನಿಂದ ಆಗುವುದಿಲ್ಲ, ನಿನಗೆ ಗೊತ್ತು. ಗುರುಬಸವರಾಜ್ ಬರುತ್ತಾನೆ, ಅವನು ಬರೆದದ್ದೇ ಸರಿ ಎಂದು ಹಾಜರಿಯಲ್ಲಿ ಹೇಳಿದ್ದೇನೆ."

ಆಗಸ್ಟಿನ ಮಾತು ಒಂದಕ್ಷರ ಇಲ್ಲ.

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಹಾರ್ಡ್‌ಡಿಸ್ಕ್ ಇದೆ. ಇಡೀ ಕೋಟೆಯ ನಕಲು: ಜನ, ಕತ್ತಿ, ಮನೆ, ಮೇಷ್ಟ್ರು ಎಲ್ಲವೂ. ತಿಂಗಳಿಗೊಮ್ಮೆ ಅವನೇ ಹೊಸದು ಕಳಿಸುತ್ತಾನೆ. ನಮ್ಮೂರ ಕರೆಂಟ್ ನಂಬಂಗಿಲ್ಲ, ನಿನ್ನ ಹತ್ರ ಒಂದಿರ್ಲಿ ಎಂದು.

ಇವತ್ತು ಅದನ್ನು ಅಂಗಡಿಯ ಹಿಂದಿನ ಕಂಪ್ಯೂಟರಿಗೆ ಹಾಕಿ ನೋಡಿದೆ. ಓಡುತ್ತದೆ. ಸುಮ್ಮನೆ ನೋಡಿದ್ದು.

೧೫ ಸೆಪ್ಟೆಂಬರ್, ಭಾನುವಾರ

ಸುತ್ತು ಮುಗಿಯಿತು. ಮೂವತ್ತೊಂದೂ ಟಿಕ್. ಕೊನೆಯದು ಜಗಳೂರಿನ ವೇಬ್ರಿಡ್ಜ್, ಮಾರುತೇಶ್. ಅವನೂ ದುರುಗೇಶನೂ ಒಂದೇ ಕಂಪ್ಯೂಟರಿನಲ್ಲಿ ಪಾಳಿಯ ಮೇಲೆ ಕೂರುವವರು. ಪಕ್ಕದ ಕುರ್ಚಿಯವನೇ ತನ್ನ ಮೇಷ್ಟ್ರು ಎಂದು ಮಾರುತೇಶನಿಗೆ ಗೊತ್ತಿಲ್ಲ. ನಾನು ಹೋದದ್ದು ನಾಲ್ಕು ಗಂಟೆಗೆ. ದುರುಗೇಶ ಎರಡಕ್ಕೇ ಪಾಳಿ ಮುಗಿಸಿ ಸೊಕ್ಕೆಗೆ ಹೋಗಿದ್ದ. ತೂಕದ ಚೀಟಿಗೆ ಕಾದಿದ್ದ ಲಾರಿಯವರನ್ನು ಐದು ನಿಮಿಷ ನಿಲ್ಲಿಸಿ ಬರೆದುಬಂದೆ.

ಯಾರ ಹತ್ತಿರವೂ ಐವತ್ತು ಕೇಳಲಿಲ್ಲ. ನ್ಯಾಮತಿ ಕಡೆಯ ಶೈಲಾ, ಸೂರಗೊಂಡನಕೊಪ್ಪದ ಹತ್ತಿರದ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು, "ಏನಣ್ಣ, ಪುಣ್ಯ ಕಟ್ಟಿಕೊಳ್ಳಾಕೆ ಹೊಂಟೀಯಾ" ಎಂದು ಒಂದು ಲೋಟ ಮಜ್ಜಿಗೆ ಕೊಟ್ಟಳು.

ಬರೆದ ವಿಳಾಸ ಸೊಕ್ಕೆಯದಲ್ಲ. ನನ್ನ ಅಂಗಡಿಯದು.

ಇದರಲ್ಲಿ ಯಾರಿಗೂ ನಷ್ಟವಿಲ್ಲ. ಅದೇ ಕೋಟೆ, ಅದೇ ಬಾವಿ, ಅವರವರ ಕತ್ತಿ ಅವರವರ ಮನೆಯಲ್ಲೇ ಇದೆ. ಎರಡು ವಾರ ಅವನೂ ಒಬ್ಬನೇ ನಿಂತು ನೋಡಲಿ. ಆಮೇಲೆ ತಿದ್ದಿ ಕೊಡುತ್ತೇನೆ.

೧೬ ಸೆಪ್ಟೆಂಬರ್, ಸೋಮವಾರ

ಆರೂವರೆಗೆ ಶಟರ್ ಅರ್ಧ ಎಳೆದು ಎರಡು ಕಂಪ್ಯೂಟರ್ ಪಕ್ಕಪಕ್ಕ ಇಟ್ಟು ಕೂತೆ. ಎಡಗಡೆ ನನ್ನ ಕೋಟೆ, ಅದರಲ್ಲಿ ನಾನು ಮೇಷ್ಟ್ರು. ಬಲಗಡೆ ಸೊಕ್ಕೆಯ ಕೋಟೆ, ಅದರಲ್ಲಿ ನಾನು ನಾನೇ. ಅಲ್ಲಿ ನಾನೂ ಕಾಣದಿದ್ದರೆ ಅವನಿಗೆ ಅನುಮಾನ ಬರುತ್ತದೆ.

ಅವನ ಹಾಗೆ ಬರೆಯುವುದು ಸುಲಭವಲ್ಲ. ಅವನದು ಪೂರ್ತಿ ವಾಕ್ಯ, ಕೊನೆಗೊಂದು ಚುಕ್ಕಿ, ಒಂದು ಅಕ್ಷರ ತಪ್ಪಿಲ್ಲ. ಬಾಯಲ್ಲಿ ಸಿಗದಿದ್ದನ್ನೆಲ್ಲ ಅಲ್ಲಿ ತೀರಿಸಿಕೊಳ್ಳುತ್ತಾನೆ. ನಾಲ್ಕು ಸಲ ಅಳಿಸಿ ಬರೆದೆ. ಮೂವತ್ತೊಂದು ಜನವೂ ಬಂದರು. ಮೂವತ್ತೆರಡನೇ ಹೆಸರು ನನ್ನದು.

"ಗುರುಬಸವರಾಜ್."

ಎಡಗಡೆಯ ಕೋಟೆಯಲ್ಲಿ ನಾನಿಲ್ಲ. ಕೈ ಇರುವುದು ಎರಡೇ.

ವಿನಯ್ ಕುಮಾರ್ ಬರೆದ: "ಆವಯ್ಯ ಬರ್ಲಿಲ್ಲ ಅಂದ್ರೆ ಒಳ್ಳೇದಾತು ಬಿಡ್ರಿ ಮೇಷ್ಟ್ರೇ. ಉಸಿರಾಡಿದ್ದಕ್ಕೂ ಬಿಲ್ ಕೊಡ್ತಾನೆ."

ನಕ್ಕವರು ಹತ್ತೊಂಬತ್ತು.

ಬಲಗಡೆ ಅದೇ ಹೊತ್ತಿಗೆ ದುರುಗೇಶ ಹೆಸರು ಕೂಗುತ್ತಿದ್ದ. ಪ್ರತಿ ಹೆಸರಿನ ನಂತರ ಸ್ವಲ್ಪ ಹೊತ್ತು ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದ. ಮೂವತ್ತೊಂದು ಸಲ ಹಾಗೆ ಕಾದ. ಕೊನೆಗೆ ನನ್ನ ಹೆಸರು ಬಂತು.

"ಇದ್ದೇನೆ" ಎಂದು ಬರೆದೆ.

"ಧನ್ಯವಾದ" ಎಂದು ಬಂತು. ಚುಕ್ಕಿ ಸಮೇತ.

೨೨ ಸೆಪ್ಟೆಂಬರ್, ಭಾನುವಾರ

ದುರುಗೇಶ ಫೋನೇ ಮಾಡಿದ. ಅವನು ಫೋನ್ ಮಾಡುವುದು ವರ್ಷಕ್ಕೆ ಎರಡು ಸಲ.

"ಅಣ್ಣ, ಯಾ… ಯಾ…"

ಅವನ ಮಾತನ್ನು ಬೇರೆಯವರು ಮುಗಿಸುವುದು ಅವನಿಗೆ ಆಗದು. ನಾನು ಯಾವತ್ತೂ ಮುಗಿಸಿದವನಲ್ಲ; ಅದಕ್ಕೇ ಅವನು ನನ್ನ ಹತ್ತಿರ ಮಾತಾಡುತ್ತಿದ್ದದ್ದು. ಇವತ್ತು ಮುಗಿಸಿದೆ.

"ಯಾರೂ ಬರ್ತಿಲ್ಲ ಅಂತೀಯಾ."

ಆಮೇಲೆ ವಿಳಾಸ ಸರಿ ಬರೆದಿದ್ದೀಯಾ ಎಂದು ಕೇಳಿದ.

"ಮೂವತ್ತೊಂದು ಕಡೆನೂ ನನ್ನ ಕೈಯಾರೆ ಬರ್ದೀನಿ." ಇದು ನಿಜ. "ಜನ ಹಂಗೇ ಮಾರಾಯ. ಮೊಬೈಲ್‌ನಾಗೆ ಹೊಸ ಆಟ ಬಂದಾವೆ. ಫೋನ್ ಮಾಡಿದ್ರೆ ಎತ್ತಲ್ಲ."

"ನೀ… ನೀನು ಬರ್ತೀಯಲ್ಲ" ಎಂದ.

"ನಾನು ಬರ್ತೀನಪ್ಪ."

೩ ಅಕ್ಟೋಬರ್, ಗುರುವಾರ

ಶೈಲಾ ಹಾಜರಿ ಮುಗಿದ ಮೇಲೂ ಬಾವಿಕಟ್ಟೆಯಲ್ಲೇ ನಿಂತಿದ್ದಳು. "ಮೇಷ್ಟ್ರೇ, ಒಂದು ಮಾತು ಕೇಳಲಾ." ಡೇರಿಯ ಕಾರ್ಯದರ್ಶಿ ತನಗೆ ಬೇಕಾದವರ ಹಾಲಿಗೆ ಫ್ಯಾಟ್ ಹೆಚ್ಚು ಬರೆ ಎನ್ನುತ್ತಾನಂತೆ. ಬರೆಯದಿದ್ದರೆ ಕೆಲಸ ಬಿಡಿಸುತ್ತಾನಂತೆ. ಮನೆಯಲ್ಲಿ ಹೇಳಿದರೆ ಬರೆದುಬಿಡು, ನಿನಗ್ಯಾಕೆ ಅನ್ನುತ್ತಾರಂತೆ.

ಗುರುಬಸವರಾಜನಾದರೆ ಬರೆದುಬಿಡು ಅಂತಲೇ ಹೇಳುತ್ತಿದ್ದ. ಮೇಷ್ಟ್ರು ಹಾಗೆ ಹೇಳುವವರಲ್ಲ. ಯೋಚಿಸಿ ಬರೆದೆ: ಯಂತ್ರದಿಂದ ಬಂದ ಚೀಟಿಗಳನ್ನು ಇಟ್ಟುಕೋ, ಹಾಲು ಹಾಕುವ ಹೆಂಗಸರಿಗೆ ಪ್ರತಿದಿನ ಅವರವರ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳು, ಹತ್ತು ಜನ ಕೇಳಿಸಿಕೊಂಡ ಅಂಕಿಯನ್ನು ತಿದ್ದುವುದು ಕಷ್ಟ. ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ಎರಡು ಪಹಣಿ, ಒಂದು ಆದಾಯ ಪ್ರಮಾಣಪತ್ರದ ಗಿರಾಕಿ ವಾಪಸ್ ಹೋದರು. ಬೇಜಾರಾಗಲಿಲ್ಲ.

"ನಿಮಗಲ್ದೆ ಯಾರಿಗೆ ಹೇಳ್ಲಿ ಮೇಷ್ಟ್ರೇ" ಎಂದಳು.

ಮನೆಯಲ್ಲಿ ಉಷಾರಾಣಿ ತಟ್ಟೆ ಇಡುತ್ತ, "ರೀ, ನಿಮ್ಮ ಮಾತು ಯಾಕೋ ಪುಸ್ತಕ ಓದಿದಂಗೆ ಆಗೈತೆ. ಸಾರು ಸೊಗಸಾಗಿದೆ ಅಂತ ಯಾವಾಗಿಂದ ಕಲಿತ್ರಿ?" ಎಂದಳು.

೨೦ ಅಕ್ಟೋಬರ್, ಭಾನುವಾರ

ಎರಡು ವಾರ ಎಂದಿದ್ದೆ. ಐದಾಯಿತು. ಈಗ ತಿದ್ದಲು ಹೊರಟರೆ ಮತ್ತೆ ಮೂವತ್ತೊಂದು ಮನೆ ಸುತ್ತಬೇಕು. ಕಾರಣ ಕೇಳುತ್ತಾರೆ. ಶೈಲಾಳ ವಿಷಯವೂ ನಡುವೆ ನಿಂತಿದೆ. ಕಾರ್ಯದರ್ಶಿ ಸುಮ್ಮನಾಗಿದ್ದಾನೆ, ಆದರೂ ಒಂದು ಕಣ್ಣಿಟ್ಟಿರಬೇಕು.

ಬಲಗಡೆ ಇವತ್ತೂ ಮೂವತ್ತೆರಡು ಹೆಸರು, ಒಂದು ಉತ್ತರ.

೪ ನವೆಂಬರ್, ಸೋಮವಾರ

ದುರುಗೇಶನ ಮೆಸೇಜ್: ಮಾರುತೇಶನ ತಂಗಿಯ ಮದುವೆ, ಎರಡು ವಾರ ರಜೆ. ಮೆಕ್ಕೆಜೋಳದ ಲಾರಿ ಸಾಲುಗಟ್ಟಿವೆ. ಸಂಜೆ ಪಾಳಿಯೂ ತನ್ನದೇ, ಹಾಜರಿ ಇರುವುದಿಲ್ಲ.

ಬಲಗಡೆಯ ಕಂಪ್ಯೂಟರ್ ಆರಿಸಿದೆ. ಕುತ್ತಿಗೆ ನೋವು ಅರ್ಧ ಇಳಿಯಿತು.

೬ ನವೆಂಬರ್, ಬುಧವಾರ

ಕೋಟೆಗೆ ಹೊಸಬ ಬಂದಿದ್ದಾನೆ. ಗಿಡ್ಡಪ್ಪ ಎಂದು ಹೆಸರು. ನಮ್ಮವರಲ್ಲೇ ಯಾರದೋ ಮನೆಯ ಭಾವನೋ ಅಣ್ಣನೋ ಇರಬೇಕು. ಮೈಮೇಲೆ ಹೊಸಬರಿಗೆ ಕೊಡುವ ಹರಕು ಅಂಗಿ, ಕೈಯಲ್ಲಿ ಮರದ ಕತ್ತಿ. ಹಾಜರಿ ಮುಗಿಯುವ ತನಕ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದ. ನಾನೇ ಕರೆದೆ.

"ಹೆಸರು ಸೇರಿಸಲೇ."

ತುಂಬ ಹೊತ್ತಾದ ಮೇಲೆ ಉತ್ತರ ಬಂತು. "ಕೊನೇಲಿ ಬರೀರಿ ಸಾರ್."

"ಬರೆದೆ."

"ಇಷ್ಟು ಜನ ದಿನಾ ಬರ್ತಾರಾ ಸಾರ್?"

"ದಿನಾ ಬರುತ್ತಾರೆ. ಸೆಪ್ಟೆಂಬರಿನಿಂದ ಒಂದು ದಿನವೂ ತಪ್ಪಿಲ್ಲ" ಎಂದೆ. ಹೆಮ್ಮೆಯಿಂದಲೇ ಬರೆದದ್ದು.

ಅವನು ಗೋಡೆಯ ಹತ್ತಿರಕ್ಕೇ ವಾಪಸ್ ಹೋದ. ಏಳೂಮುಕ್ಕಾಲರವರೆಗೂ ಅಲ್ಲೇ ಇದ್ದ.

೧೭ ನವೆಂಬರ್, ಭಾನುವಾರ

ಗಿಡ್ಡಪ್ಪ ಒಳ್ಳೇ ಹುಡುಗ. ಹುಡುಗನೋ ಮುದುಕನೋ, ಬುದ್ಧಿ ಸೂಕ್ಷ್ಮ. ಮೊನ್ನೆ ಹಾಜರಿ ಮುಗಿಸಿ ಏಳುವಾಗ ಬರೆದ: "ಸಾರ್, ವಿನಯ್ ಕುಮಾರ್ ಮೂರು ದಿನದಿಂದ ಗೈರು. ಯಾಕೆ ಅಂತ ಕೇಳಲ್ವಾ?"

ನನಗೆ ಹೊಳೆದೇ ಇರಲಿಲ್ಲ. ಮೂರು ದಿನ ಗೈರಾದವರನ್ನು ವಿಚಾರಿಸುವುದು ಮೇಷ್ಟ್ರ ಪದ್ಧತಿ. ಅಂಗಡಿಯಿಂದ ಫೋನ್ ಮಾಡಿದೆ. ಡೆಂಗ್ಯೂ, ಆಸ್ಪತ್ರೆಯಲ್ಲಿದ್ದ. ಇವತ್ತು ಬಂದು, "ಮೇಷ್ಟ್ರು ಹೇಳಿ ಕಳಿಸಿದ್ರಂತೆ. ಗುರುಬಸಣ್ಣನ ದನಿಲೇ ಕೇಳ್ಬೇಕಾತು, ಜ್ವರ ಇನ್ನೊಂದು ಡಿಗ್ರಿ ಏರ್ತು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಈ ಸಲ ಎಣಿಸಲಿಲ್ಲ.

ಗಿಡ್ಡಪ್ಪ ಮಾತ್ರ ಬರೆದ: "ಆ ಅಣ್ಣ ಯಾರು ಸಾರ್? ದಿನಾ ಹೆಸರು ಕರೀತೀರಿ, ಬರೋದೇ ಇಲ್ಲ."

"ಮೊದಲು ಬರುತ್ತಿದ್ದ. ಈಗ ಪುರುಸೊತ್ತಿಲ್ಲ" ಎಂದೆ.

"ಅವರನ್ನೂ ವಿಚಾರಿಸ್ರಿ ಸಾರ್."

ಇವನನ್ನು ಕ್ಯಾಪ್ಟನ್ ಮಾಡಬೇಕು.

ಹಾಂ, ಮರೆತಿದ್ದೆ. ಮಧ್ಯಾಹ್ನ ದುರುಗೇಶನ ಮೆಸೇಜ್ ಬಂದಿತ್ತು: "ನಾಳೆ ಮಾರುತೇಶ್ ಬರುತ್ತಾನೆ. ಆದರೆ ಇನ್ನು ಹಾಜರಿ ಬೇಡ ಅಣ್ಣ. ಒಬ್ಬನಿಗಾಗಿ ಮೂವತ್ತೆರಡು ಹೆಸರು ಓದಬೇಕು." ಸರಿ ಎಂದು ಕಳಿಸಿದೆ.

೧ ಡಿಸೆಂಬರ್, ಭಾನುವಾರ

ಬೆಳಿಗ್ಗೆ ಹನ್ನೊಂದಕ್ಕೆ ದುರುಗೇಶ ಅಂಗಡಿಯ ಬಾಗಿಲಲ್ಲಿ. ಕೈಯಲ್ಲಿ ಹಳೇ ಬೆಡ್‌ಶೀಟಿನಲ್ಲಿ ಕಟ್ಟಿದ ಗಂಟು. ದಾವಣಗೆರೆಯಲ್ಲಿ ಬಸ್ ಬದಲಿಸಿ, ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಾನೆ. ಬಿಚ್ಚಿದ. ಸೊಕ್ಕೆಯ ಕಂಪ್ಯೂಟರ್, ಇಡೀ ಕೋಟೆ ಇರುವುದು. ಧೂಳು ಒರೆಸಿ ತಂದಿದ್ದ. ಅದರ ಮೇಲೆ ಹಾಜರಿ ಪುಸ್ತಕ.

ಉಷಾರಾಣಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟು ಎದುರೇ ಕೂತಳು. "ಹೆಂಗಿದ್ದೀಯಪ್ಪ ದುರುಗೇಶ, ಮದುವೆ ಗಿದುವೆ ಐತೋ, ಬರೀ ಲಾರಿ ತೂಗೋದೇ ಆತೋ?"

ಅವನು ಉತ್ತರಕ್ಕೆ ಹೊರಟು ನಡುವೆ ನಿಂತ. ಅವಳು ಅವಸರ ಮಾಡಲಿಲ್ಲ, ಬಜ್ಜಿಯ ತಟ್ಟೆಯನ್ನು ಅವನ ಕಡೆಗೆ ಸರಿಸಿ ಕಾದಳು. "ಲಾ… ಲಾರಿಯವ್ರೇ ಹೆಣ್ಣು ತೋರಿಸ್ತೀನಿ ಅಂತಾರಕ್ಕ, ತೂಕ ಹೆ… ಹೆಚ್ಚು ಬರೆದ್ರೆ" ಎಂದ. ಇಬ್ಬರೂ ನಕ್ಕರು.

ಅವಳು ಒಳಗೆ ಹೋದ ಮೇಲೆ ನಾನು, "ಇದ್ಯಾಕೋ ಇಲ್ಲಿಗೆ ತಂದಿ?" ಎಂದೆ.

"ಯಾರೂ ಬ… ಬರದೇ ಇದ್ದಾಗ ನೀನೊಬ್ಬನೇ ಬಂದೆ. ನಲವತ್ತೊಂಬತ್ತು ದಿನ." ನನ್ನ ಮುಖ ನೋಡಲಿಲ್ಲ. "ಇ… ಇಟ್ಕೋ. ಚೆನ್ನಾಗಿ ನಡೆಸು."

ಶರ್ಟಿನ ಜೇಬಿನಿಂದ ಮಡಚಿದ ನೋಟು ತೆಗೆದು ಮೇಜಿನ ಮೇಲಿಟ್ಟ. ಸೆಪ್ಟೆಂಬರಿನ ಸುತ್ತಿನ ಬಸ್ ಚಾರ್ಜು, ಏಳುನೂರ ನಲವತ್ತು. ಬೇಡ ಎಂದೆ. ಕೇಳಲಿಲ್ಲ. ಎರಡು ಗಂಟೆಯ ಬಸ್ಸಿಗೆ ಹೊರಟುಬಿಟ್ಟ.

ಅವನು ಹೋದ ಮೇಲೆ ಪುಸ್ತಕ ತೆರೆದೆ. ಸೆಪ್ಟೆಂಬರ್ ಹದಿನಾರರಿಂದ ನವೆಂಬರ್ ಮೂರರವರೆಗೆ ಮೂವತ್ತೊಂದು ಸಾಲಿನಲ್ಲೂ ಗೈರು ಗುರುತು. ಅಡಿಯ ಒಂದೇ ಸಾಲಿನಲ್ಲಿ, ನನ್ನದರಲ್ಲಿ, ನಲವತ್ತೊಂಬತ್ತು ಹಾಜರಿ. ನಾಲ್ಕು, ಐದು ಖಾಲಿ. ಮುಗಿಯಿತು ಎಂದು ಮುಚ್ಚಬೇಕು, ಆರನೇ ತಾರೀಕು ಕಣ್ಣಿಗೆ ಬಿತ್ತು.

ಆರರಿಂದ ಮತ್ತೆ ಎಲ್ಲರೂ ಹಾಜರು. ಶೈಲಾ ಹಾಜರು. ವಿನಯ್ ಕುಮಾರನಿಗೆ ನಾಲ್ಕು ದಿನ ಗೈರು, ಆಮೇಲೆ ಹಾಜರು. ಮಾರುತೇಶ್ ಹದಿನೇಳರವರೆಗೆ ಗೈರು. ಗುರುಬಸವರಾಜನ ಸಾಲು ಗೈರು, ಗೈರು, ಗೈರು. ಅದರ ಕೆಳಗೆ ಮೂವತ್ತಮೂರನೇ ಹೆಸರು ಹೊಸದಾಗಿ ಬರೆದಿದೆ, ಗಿಡ್ಡಪ್ಪ. ನವೆಂಬರ್ ಮೂವತ್ತರವರೆಗೆ ಇಪ್ಪತ್ತೈದು ಹಾಜರಿ.

ನನ್ನ ಪಟ್ಟಿ ತೆಗೆದು ನೋಡಿದೆ. ಮೂವತ್ತೊಂದನೇ ಸಾಲು: ವೇಬ್ರಿಡ್ಜ್, ಟಿಕ್. ನನ್ನದೇ ಕೈಬರಹ. ಮಾರುತೇಶನ ರಜೆಯಲ್ಲಿ ಸಂಜೆ ಏಳಕ್ಕೆ ಅವನು ಆ ಕಂಪ್ಯೂಟರಿನ ಮುಂದೆ ಕೂತಿದ್ದ. ಖಾಲಿ ಕೋಟೆಯನ್ನು ಸುಮ್ಮನೆ ನೋಡೋಣ ಎಂದು ತೆರೆದಿರಬೇಕು. ತೆರೆದರೆ ಮೂವತ್ತು ಜನ, ನಡುವೆ ನಿಂತು ಹಾಜರಿ ಕೂಗುತ್ತಿರುವ ಅವನೇ. ಮಾರುತೇಶ್ ವಾಪಸ್ ಬಂದ ಮೇಲೂ ಗಿಡ್ಡಪ್ಪ ಬಿಡದೆ ಬಂದಿದ್ದಾನೆ. ಅಂದರೆ ಸೊಕ್ಕೆಯ ಮನೆಯ ಕಂಪ್ಯೂಟರಿನಲ್ಲೂ ಆ ಎರಡು ಸಾಲನ್ನು ಬರೆದುಕೊಂಡಿದ್ದಾನೆ. ನನ್ನ ವಿಳಾಸವನ್ನು, ಅವನ ಕೈಯಿಂದ.

ಅವನು ಯಾರಿಗಾದರೂ ಒಂದು ಮಾತು ಹೇಳಬಹುದಿತ್ತು. ಶೈಲಾಳಿಗೆ ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಅವಳು ಬಾವಿಕಟ್ಟೆಯಲ್ಲಿ ನಿಂತು ಹೇಳಿಕೊಂಡದ್ದೆಲ್ಲ ಯಾರಿಗೆ ಹೇಳಿದ್ದು ಎಂದಾಗುತ್ತಿತ್ತು.

ಸಂಜೆಯ ಹಾಜರಿಗೆ ಹೋಗಲಿಲ್ಲ.

ಉಷಾರಾಣಿ, "ಆ ದುರುಗೇಶ ಎಷ್ಟು ಚೆನ್ನಾಗಿ ಮಾತಾಡ್ತಾನಲ್ರೀ" ಎಂದಳು.

೨ ಡಿಸೆಂಬರ್, ಸೋಮವಾರ

ಏಳಕ್ಕೆ ಕೂಗಿದೆ. ಮೂವತ್ತೊಂದು ಹಾಜರು.

"ಗುರುಬಸವರಾಜ್." ಯಾರೂ ಏನೂ ಅನ್ನಲಿಲ್ಲ.

"ಗಿಡ್ಡಪ್ಪ." ಮೂರು ಸಲ ಕೂಗಿದೆ.

"ಗಿಡ್ಡಪ್ಪ ಎಲ್ಲಿ ಮೇಷ್ಟ್ರೇ?" ಎಂದು ವಿನಯ್ ಕುಮಾರ್ ಕೇಳಿದ. "ಹುಷಾರಿಲ್ವಾ ಅಂತ ವಿಚಾರ್ಸಿ" ಎಂದು ಶೈಲಾ. ಇಪ್ಪತ್ತೈದು ದಿನದ ಪರಿಚಯ. ನನ್ನ ಹೆಸರಿಗೆ ಉತ್ತರವಿಲ್ಲದೆ ಎಪ್ಪತ್ತೆಂಟು ದಿನವಾಯಿತು. ವಿಚಾರಿಸಿ ಎಂದವನು ಗಿಡ್ಡಪ್ಪನೊಬ್ಬ.

ವಿಚಾರಿಸುತ್ತೇನೆ ಎಂದು ಬರೆದೆ. ಸೊಕ್ಕೆಗೆ ಫೋನ್ ಮಾಡಿದೆ. ರಿಂಗ್ ಆಯಿತು. ಎತ್ತಲಿಲ್ಲ.

ಯಾರಿಗೆ ಏನು ಬಂತು:

ಶೈಲಾ: ಕೆಲಸ ಉಳಿಯಿತು.

ವಿನಯ್ ಕುಮಾರ್: ಬಾಲವಿಲ್ಲದ ಫೈಲ್, ಕಾಯಿಲೆಯಲ್ಲಿ ಒಂದು ಫೋನ್.

ಮಾರುತೇಶ್: ಏನೂ ಬಂದಿಲ್ಲ, ಏನೂ ಹೋಗಿಲ್ಲ. ಪಕ್ಕದ ಕುರ್ಚಿಯವನು ಯಾರೆಂದು ಈಗಲೂ ತಿಳಿದಿಲ್ಲ.

ಉಳಿದ ಇಪ್ಪತ್ತೆಂಟು ಜನ: ಮೊದಲು ಏನಿತ್ತೋ ಅದೇ.

ಉಷಾರಾಣಿ: ಸಾರಿಗೆ ಒಂದು ಹೊಗಳಿಕೆ.

ದುರುಗೇಶ್: ನಲವತ್ತೊಂಬತ್ತು ದಿನ ಒಂದು ಉತ್ತರ, ಇಪ್ಪತ್ತೈದು ದಿನ ಮರದ ಕತ್ತಿ.

ಗುರುಬಸವರಾಜ್: ಕೋಟೆ ಎರಡು, ಹಾಜರಿ ಪುಸ್ತಕ ಒಂದು, ನಗದು ಏಳುನೂರ ನಲವತ್ತು. ನನ್ನ ಸಾಲಿನ ಇವತ್ತಿನ ಕಾಲಂ ನಾನೇ ತುಂಬಿದೆ. ಗೈರು.